ಮಾವನವರ ಚೀತಾ

‘‘ಏನ್ರೀ ಇದು, ಮಾಳಿಗೆ ಮೇಲೆ ಆಪರೇಷನ್ ನಡೀತಿದೆಯಾ?’’

ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆಯಾಕೆ ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ಅವತಾರ ಹಾಗೇ ಇತ್ತು. ಕೈಗೆ ನೀಲಿ ಗ್ಲೌಸು, ಮೂಗಿಗೆ ಮಾಸ್ಕು, ಸೆರಗು ಸೊಂಟಕ್ಕೆ ಬಿಗಿದು, ಮುಂದೆ ಒಂದು ಹಳೆಯ ತಟ್ಟೆ. ತಟ್ಟೆಯಲ್ಲಿ ಒಂದು ಗೇಣೂ ಇಲ್ಲದ ಆಟದ ಹೆಲಿಕಾಪ್ಟರು, ಪಕ್ಕದಲ್ಲಿ ಕಡಲೆಬೀಜದಷ್ಟು ದೊಡ್ಡ ಯಾವುದೋ ತುಣುಕು.

‘‘ಹೌದು ಕಣ್ರೀ, ಹೆಲಿಕಾಪ್ಟರಿಗೆ ಎಂಜಿನ್ ಬದಲಾಯಿಸ್ತಾ ಇದೀನಿ’’ ಅಂದೆ.

ಆಕೆ ನಗಲೂ ಇಲ್ಲ, ಮತ್ತೇನೂ ಕೇಳಲೂ ಇಲ್ಲ. ಬಕೆಟ್ ಎತ್ತಿಕೊಂಡು ಇಳಿದುಹೋದರು. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, 22 ವರ್ಷ ಒಲೆಯ ಮುಂದೆ ಕಳೆದ ನನಗೆ ಈ ಕೆಲಸ ಹೇಗೆ ಅಂಟಿಕೊಂಡಿತು ಎಂದು ಸೋದರಿಯರಿಗೆ ಹೇಳಬೇಕು ಅನ್ನಿಸಿದೆ.

ನಾವಿರುವುದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿ ಬಂದವರಿಗೆ ಗೊತ್ತು: ಒಂದು ಕಡೆ ರಾಗಿ ಹೊಲ, ಹಿಪ್ಪುನೇರಳೆ ತೋಟ, ಇನ್ನೊಂದು ಕಡೆ ಸಾಲುಸಾಲಾಗಿ ಕಾರ್ಖಾನೆಗಳ ಶೆಡ್ಡು. ನಮ್ಮ ಯಜಮಾನರು ಅಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸದಲ್ಲಿದ್ದಾರೆ. ಪಾಳಿ ಬದಲಾದ ಹಾಗೆ ನಮ್ಮ ಮನೆಯ ಊಟದ ಹೊತ್ತೂ ಬದಲಾಗುತ್ತದೆ. ಮಗ ಎಂಜಿನಿಯರಿಂಗ್ ಓದಲು ಮೈಸೂರಿನ ಹಾಸ್ಟೆಲಿನಲ್ಲಿದ್ದಾನೆ. ಮನೆಯಲ್ಲಿ ಉಳಿದವರು ನಾನು, ಮಾವನವರು.

ಮಾವನವರು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಹೆಲಿಕಾಪ್ಟರ್ ಕಟ್ಟುವ ಕಡೆ ಫಿಟ್ಟರ್ ಆಗಿದ್ದವರು. ಈಗ 77 ವರ್ಷ. ಕಣ್ಣಿನ ನರಕ್ಕೆ ಒತ್ತಡ ಬಿದ್ದು, ಗ್ಲಾಕೋಮ ಅಂತಾರಲ್ಲ, ಅದರಿಂದ ನಾಲ್ಕು ವರ್ಷದ ಹಿಂದೆ ಎರಡೂ ಕಣ್ಣಿನ ದೃಷ್ಟಿ ಹೋಯಿತು. ಮನುಷ್ಯ ಒಳ್ಳೆಯವರು, ಆದರೆ ಮಾತು ತೂಕದ್ದು. ನಾನು ಸೊಸೆಯಾಗಿ ಬಂದ ಮೇಲೆ ಅವರು ನನ್ನೊಡನೆ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೆ ‘ಕಾಫಿ ಆಯ್ತೇನಮ್ಮ’, ‘ಸಾಕು ಬಡಿಸಬೇಡ’, ‘ಅವನು ಬಂದನಾ’ ಇಷ್ಟೇ. ಸಿಟ್ಟೇನೂ ಇಲ್ಲ. ಅತ್ತೆಯವರು ಇದ್ದಾಗ ಮಾತೆಲ್ಲ ಅವರ ಮೂಲಕವೇ ಬರುತ್ತಿತ್ತು. ಅತ್ತೆ ಹೋದ ಮೇಲೆ ಆ ಸೇತುವೆ ಮುರಿಯಿತು, ಹೊಸದನ್ನು ಯಾರೂ ಕಟ್ಟಲಿಲ್ಲ.

ಹೋದ ವರ್ಷ ಮಾವನವರ ಹುಟ್ಟಿದ ಹಬ್ಬಕ್ಕೆ ನನ್ನ ಮಗ ಒಂದು ಉಡುಗೊರೆ ತಯಾರು ಮಾಡಿದ. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಮಾದರಿ ಹೆಲಿಕಾಪ್ಟರು. ನಿಜವಾದದ್ದಕ್ಕಿಂತ 72 ಪಾಲು ಚಿಕ್ಕದು. ತಾತ ಚೀತಾ ಹೆಲಿಕಾಪ್ಟರಿನಲ್ಲಿ ಕೆಲಸ ಮಾಡಿದವರು ಎಂದು ಅವನಿಗೆ ಗೊತ್ತಿತ್ತು. ಪೆಟ್ಟಿಗೆಯ ಮೇಲಿನ ಚಿತ್ರ ಹಾಗೇ ಕಾಣಿಸಿತಂತೆ, ಉಳಿಸಿಟ್ಟ ದುಡ್ಡಿನಲ್ಲಿ ತರಿಸಿದ. ಎರಡು ವಾರ ರಾತ್ರಿ ಕೂತು ಅಂಟಿಸಿದ. ಬಣ್ಣ ಹಚ್ಚುವ ಮೊದಲೇ ಹಬ್ಬ ಬಂತು. ತಾತನ ಕೈಗೆ ಕೊಟ್ಟ.

ಮಾವನವರು ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದರು. ಮೂತಿ ಸವರಿದರು, ಬಾಲ ಸವರಿದರು. ಮುಖ ಅರಳಿತು. ಆಮೇಲೆ ಬೆರಳು ಬೆನ್ನಿನ ಮೇಲೆ ಬಂದು ನಿಂತಿತು. ಮತ್ತೊಮ್ಮೆ ಸವರಿದರು.

‘‘ಇದು ಚೀತಾ ಅಲ್ಲ ಕಣೋ. ಎಂಜಿನ್ನು ಬೇರೆ.’’

ಅಷ್ಟೇ ಅಂದದ್ದು. ಬೈಯಲಿಲ್ಲ, ನಗಲಿಲ್ಲ. ಫಿಟ್ಟರ್ ಆದವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆದರೆ ಹುಡುಗನ ಮುಖ ನೋಡಬೇಕಿತ್ತು ನೀವು. ಹೆಲಿಕಾಪ್ಟರನ್ನು ತೆಗೆದುಕೊಂಡು ಹೋಗಿ ಶೋಕೇಸಿನ ಮೇಲೆ, ಯಾರಿಗೂ ಕಾಣದ ಮೂಲೆಯಲ್ಲಿ ಇಟ್ಟ. ಮುಂದಿನ ವಾರ ಹಾಸ್ಟೆಲಿಗೆ ಹೊರಟಾಗ ತಾತನ ಕಾಲಿಗೆ ನಮಸ್ಕಾರ ಮಾಡಿದ, ಮಾತಾಡಲಿಲ್ಲ. ಫೋನು ಮಾಡಿದಾಗಲೂ ‘ತಾತ ಹೇಗಿದಾರೆ’ ಎಂದು ನನ್ನನ್ನೇ ಕೇಳುವನು. ಮಾವನವರೂ ‘ಹುಡುಗ ಹೇಗಿದಾನಂತೆ’ ಎಂದು ನನ್ನನ್ನೇ ಕೇಳುವರು. ಈಗ ನಾನು ಸೇತುವೆಯಾದೆ. ನನ್ನ ಕಾಲ ಮುಗಿದ ಮೇಲೆ ಇವರೂ ಹೀಗೇ ಉಳಿಯುತ್ತಾರಲ್ಲ ಎಂಬ ಚಿಂತೆ ಹತ್ತಿತು.

ಒಂದು ಮಧ್ಯಾಹ್ನ ಧೂಳು ಒರೆಸುವಾಗ ಅದು ಕೈಗೆ ಸಿಕ್ಕಿತು. ಕಾಫಿ ಕೊಡುವಾಗ ಧೈರ್ಯ ಮಾಡಿ ಕೇಳಿದೆ: ‘‘ಮಾವ, ಚೀತಾದ ಎಂಜಿನ್ ಹೇಗಿರುತ್ತೆ?’’

ಅವರು ಲೋಟ ಹಿಡಿದುಕೊಂಡೇ ಕೂತರು. ಕಾಫಿ ಆರಿತು. ಆಮೇಲೆ ಶುರು ಮಾಡಿದರು ನೋಡಿ, ದೀಪ ಹಚ್ಚುವ ಹೊತ್ತಿನವರೆಗೆ ನಿಲ್ಲಿಸಲಿಲ್ಲ.

ಫ್ರಾನ್ಸ್ ದೇಶದಲ್ಲಿ ಅಲುವೆಟ್ ಎಂಬ ಹೆಲಿಕಾಪ್ಟರ್ ಇತ್ತಂತೆ. ಹಾಗೆಂದರೆ ಅವರ ಭಾಷೆಯಲ್ಲಿ, ಹಾಡುತ್ತ ಮೇಲೇರುವ ಒಂದು ಸಣ್ಣ ಬಾನಾಡಿ ಹಕ್ಕಿ. ಅದರಲ್ಲಿ ಎರಡನೆಯ ಅಲುವೆಟ್ ಹಗುರವಾದದ್ದು. ಗಾಜಿನ ಗುಳ್ಳೆಯಂಥ ಮೂತಿ, ಹಿಂದೆ ಬರೀ ಕೊಳವೆಗಳನ್ನು ಹೆಣೆದ ಬಾಲ, ಕರೆಂಟಿನ ಟವರನ್ನು ಅಡ್ಡ ಮಲಗಿಸಿದ ಹಾಗೆ. ಮೂರನೆಯ ಅಲುವೆಟ್ ಅದಕ್ಕಿಂತ ದೊಡ್ಡದು, ಎಂಜಿನ್ನೂ ಬಲವಾದದ್ದು. ಅದನ್ನೇ ಎಚ್.ಎ.ಎಲ್. ನಮ್ಮಲ್ಲಿ ಚೇತಕ್ ಎಂಬ ಹೆಸರಿನಿಂದ ತಯಾರಿಸಿತು. ಆದರೆ ಹಿಮಾಲಯದ ಎತ್ತರದಲ್ಲಿ ಗಾಳಿ ತೆಳು. ಅಲ್ಲಿ ಓಡಾಡಲು ಮೈ ಹಗುರ ಇರಬೇಕು, ಎಂಜಿನ್ ಗಟ್ಟಿ ಇರಬೇಕು. ಭಾರತದ ಸೇನೆಗೆ ಅಂಥದ್ದು ಬೇಕಾದಾಗ ಫ್ರೆಂಚರು ಎರಡನೆಯ ಅಲುವೆಟ್ಟಿನ ಮೈಗೆ ಮೂರನೆಯದರ ಎಂಜಿನ್ನು, ಗೇರ್‌ಬಾಕ್ಸು, ರೆಕ್ಕೆಗಳನ್ನು ಜೋಡಿಸಿದರು. 1969ರ ಮಾರ್ಚ್ 17ರಂದು ಅದು ಮೊದಲ ಬಾರಿ ಹಾರಿತು. ಅವರು ಲಾಮಾ ಎಂದರು, ನಾವು ಚೀತಾ ಎಂದೆವು. ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ಚೀತಾ ಹಾರಿದ್ದು 1972ರ ಅಕ್ಟೋಬರ್ 6ರಂದು.

‘‘ನಾನಾಗ 24 ವರ್ಷದ ಹುಡುಗ. ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಹತ್ರ ಬಿಡಲಿಲ್ಲ ನಮ್ಮನ್ನ’’ ಅಂದರು.

ಎಂಜಿನ್ನಿಗೆ 870 ಅಶ್ವಶಕ್ತಿ ಇದ್ದರೂ ಅದನ್ನು ಸುಮಾರು 550ಕ್ಕೇ ಕಟ್ಟಿಹಾಕಿದ್ದರಂತೆ. ಇರುವ ಶಕ್ತಿಯನ್ನು ಯಾಕೆ ಕಟ್ಟಿಹಾಕಬೇಕು ಎಂದು ಕೇಳಿದೆ. ‘‘ಮನೇಲಿ ನಾಲ್ಕು ಜನ ಇದ್ರೂ ನೀನು ಎಂಟು ಜನಕ್ಕಾಗೋ ಪಾತ್ರೆ ಇಟ್ಕೊಂಡಿಲ್ವಾ? ನೆಂಟರು ಬಂದಾಗ ಪರದಾಡೋ ಹಾಗಿಲ್ಲ. ಹಾಗೇನೇ ಇದೂ. ಮೇಲೆ ಹೋದ ಹಾಗೆ ಗಾಳಿ ತೆಳುವಾಗಿ ಎಂಜಿನ್ ಸೋಲುತ್ತೆ. ಸೋತ ಮೇಲೂ ಬೇಕಾದಷ್ಟು ಉಳಿದಿರಬೇಕು’’ ಅಂದರು. 22 ವರ್ಷದಲ್ಲಿ ನನ್ನ ಪಾತ್ರೆಯ ಗಾತ್ರ ಅವರ ಗಮನಕ್ಕೆ ಬಂದಿದೆ ಎಂದು ನನಗೆ ಗೊತ್ತಾದದ್ದು ಅವತ್ತು.

1972ರ ಜೂನ್ 21ರಂದು ಜಾನ್ ಬುಲೆ ಎಂಬ ಫ್ರೆಂಚ್ ಪೈಲಟ್ ಇಂಥದೇ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದರಂತೆ. ಎವರೆಸ್ಟ್ ಶಿಖರ 8,849 ಮೀಟರ್, ಲೆಕ್ಕ ಹಾಕಿ. ಅಷ್ಟು ಮೇಲೆ ಹೋದಾಗ ಎಂಜಿನ್ ಆರಿಹೋಯಿತು. ಬೀಸುವ ಗಾಳಿಗೇ ರೆಕ್ಕೆ ತಿರುಗಿಸಿಕೊಂಡು ಆತ ನೆಲದವರೆಗೂ ಸುಖವಾಗಿ ಇಳಿದರು. ನಮ್ಮ ಚೀತಾಗಳು 1984ರಿಂದ ಸಿಯಾಚಿನ್ ಹಿಮದ ಮೇಲೆ ಕಾವಲಿರುವ ಸೈನಿಕರಿಗೆ ಸಾಮಾನು ಹೊತ್ತವು, ಕಾಯಿಲೆಯಾದವರನ್ನು ಕೆಳಗೆ ತಂದವು. 2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಹಿಮದಡಿ ಸಿಕ್ಕಿದರಲ್ಲ, ನಾವೆಲ್ಲ ಟಿ.ವಿ. ಮುಂದೆ ಕೂತು ದೇವರಿಗೆ ಹರಕೆ ಹೊತ್ತೆವಲ್ಲ, ಅದೇ ಸಿಯಾಚಿನ್.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಜವಾದ ಚೀತಾ ಹುಟ್ಟಿದ್ದೇ ಒಂದರ ಮೈಗೆ ಇನ್ನೊಂದರ ಎಂಜಿನ್ ಜೋಡಿಸಿ. ಮಗ ಕಟ್ಟಿದ್ದು ಎರಡನೆಯ ಅಲುವೆಟ್. ಹಾಗಾದರೆ ಅವನು ತಪ್ಪು ಮಾಡಿಲ್ಲ, ಅರ್ಧ ದಾರಿ ಬಂದಿದ್ದಾನೆ ಅಷ್ಟೆ! ಉಳಿದ ಅರ್ಧ ನಾನು ಹೋದರೆ?

ಯಜಮಾನರಿಗೆ ಹೇಳಿದೆ. ನಕ್ಕರು. ಆಮೇಲೆ, ‘‘ಎಂಜಿನ್ ಭಾಗವನ್ನ ರೆಸಿನ್ನಲ್ಲಿ ಎರಕ ಹೊಯ್ದು ಕೂರಿಸಬಹುದು. ಅಚ್ಚು ಮಾಡೋದು ನಾನು ತೋರಿಸ್ತೀನಿ. ಮೂಲದ ಬೊಂಬೆ ನೀನು ಎಲ್ಲಿಂದಾದ್ರೂ ತಾ’’ ಅಂದರು.

ಮೂಲದ ಬೊಂಬೆ ಎಲ್ಲಿಂದ ತರಲಿ ಎಂದು ನನ್ನನ್ನು ಕೇಳಬೇಕೆ? ನನ್ನ ತವರು ಚನ್ನಪಟ್ಟಣ! ನಮ್ಮಣ್ಣ ಈಗಲೂ ಬೊಂಬೆ ಕಡೆಯುವ ಕೆಲಸದವನು. ಚೀತಾದ ಎಂಜಿನ್ನಿಗೆ ಮುಚ್ಚಳವಿಲ್ಲ, ಬೆನ್ನ ಮೇಲೆ ಬಯಲಿಗೇ ಕೂತಿರುತ್ತದೆ. ಅದರ ಆಕಾರವೂ ಒಂದರ ಹಿಂದೊಂದು ಉರುಟು ಡಬ್ಬಿ ಇಟ್ಟ ಹಾಗೆ. ಚರಕಿಯಲ್ಲಿ ಕಡೆಯಲು ಅದಕ್ಕಿಂತ ಸುಲಭದ್ದು ಇನ್ನೇನಿದೆ?

ಅಳತೆ ಮಾವನವರಿಂದ ಬಂತು. ನಕ್ಷೆಯಿಂದಲ್ಲ, ಕೈಯಿಂದ. ‘‘ಉದ್ದ ನನ್ನ ಕೈಯಲ್ಲಿ ನಾಲ್ಕು ಮೊಳ. ಮುಂದೆ ಗಾಳಿ ಒಳಗೆ ಹೋಗೋ ಕಡೆ ಇಷ್ಟು ದಪ್ಪ’’ ಎಂದು ಗಾಳಿಯಲ್ಲೇ ಎರಡು ಕೈ ಅಗಲಿಸಿ ಹಿಡಿಯುವರು. ನಾನು ಟೇಪು ತಂದು ಅವರ ಕೈ ನಡುವೆ ಅಳೆಯುವೆ. ಅದನ್ನು 72ರಿಂದ ಭಾಗಿಸುವೆ. ಒಂದು ಅಡಿಗೆ 4 ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ. ನಾಲ್ಕು ಮೊಳದ ಎಂಜಿನ್ ಬರೀ ಒಂದು ಇಂಚು. ಮಗನಿಗೆ ಗೊತ್ತಾಗದ ಹಾಗೆ ಮೊಬೈಲಿನಲ್ಲಿ ಚಿತ್ರಗಳನ್ನು ಹುಡುಕಿ, ಅವರು ಹೇಳಿದ್ದಕ್ಕೆ ತಾಳೆ ನೋಡಿದೆ. ಕಣ್ಣಿಲ್ಲದ ಅವರ ಲೆಕ್ಕ ಎಲ್ಲೂ ತಪ್ಪಿರಲಿಲ್ಲ.

ಭಾನುವಾರ ಚನ್ನಪಟ್ಟಣದ ಬಸ್ಸು ಹತ್ತಿದೆ. ಅಣ್ಣ ಹಾಲೆ ಮರದ ಕಡ್ಡಿಯೊಂದನ್ನು ಚರಕಿಗೆ ಸಿಕ್ಕಿಸಿ, ಉಳಿ ಹಿಡಿದು ಹತ್ತು ನಿಮಿಷದಲ್ಲಿ ಕಡೆದುಕೊಟ್ಟ. ಓಲೆ ಜುಮಕಿ ಕಡೆಯುವ ಕೈಗೆ ಅದೆಷ್ಟರದು! ‘‘ಅರಗು ಬಳಿಯಲೇನೇ?’’ ಅಂದ. ಆಗ ನನಗೊಂದು ಹೊಳೆಯಿತು. ನಮ್ಮೂರ ಬೊಂಬೆಗೆ ಬಣ್ಣ ಬರುವುದೇ ಅರಗಿನಿಂದ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ತಾಳೆ ಗರಿಯಿಂದ ಉಜ್ಜಿದರೆ ಹೊಳಪು. ಆ ಅರಗೂ ಒಂದು ರೆಸಿನ್ನೇ. ಹುಳು ಮಾಡಿದ್ದು ಅರಗು, ಕಾರ್ಖಾನೆ ಮಾಡಿದ್ದು ಇದು. ಚಿಕ್ಕಂದಿನಿಂದ ಅರಗಿನ ವಾಸನೆಯಲ್ಲೇ ಬೆಳೆದವಳು ನಾನು, ರೆಸಿನ್ನಿಗೆ ಯಾಕೆ ಹೆದರಲಿ ಎಂದು ಧೈರ್ಯ ಬಂತು.

‘ಮರದ್ದನ್ನೇ ಅಂಟಿಸಿದ್ದರೆ ಆಗುತ್ತಿರಲಿಲ್ಲವೆ?’ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಯಜಮಾನರು ಹೇಳಿದರು: ‘‘ಇರೋದು ಒಂದೇ ಆದ್ರೆ ಕೈ ನಡುಗುತ್ತೆ. ಅಚ್ಚು ಇದ್ರೆ ಹತ್ತು ತೆಗೀಬಹುದು. ತಪ್ಪು ಮಾಡೋದಕ್ಕೆ ಜಾಗ ಇರುತ್ತೆ.’’ ಈ ಮಾತು ನನಗೆ ಬಹಳ ಹಿಡಿಸಿತು. ಮರದ ತುಣುಕಿನ ಮೇಲೆ ಕೆಟ್ಟುಹೋದ ಮಿಕ್ಸಿ ಮೋಟಾರಿನ ತಾಮ್ರದ ಎಳೆ ಸುತ್ತಿ ಪೈಪುಗಳನ್ನು ಮಾಡಿದೆ. ಬಾಲದ ತುದಿಯ ಸಣ್ಣ ರೆಕ್ಕೆಯೂ ಬದಲಾಗಬೇಕಿತ್ತು. ಎರಡನೆಯ ಅಲುವೆಟ್ಟಿಗೆ ಅಲ್ಲಿ ಎರಡು ಎಲೆ, ಚೀತಾಕ್ಕೆ ಮೂರು. ರೂಪಾಯಿ ನಾಣ್ಯದಷ್ಟಗಲದ ಅದನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದೆ.

ಇನ್ನು ಎರಕದ ವಿಧಾನ. ನಮ್ಮ ಪತ್ರಿಕೆಯ ಅಡಿಗೆ ಪುಟದ ಹಾಗೆಯೇ ಹೇಳಿಬಿಡುತ್ತೇನೆ.

ಬೇಕಾಗುವ ಸಾಮಾನು: ಅಚ್ಚಿಗೆ ಸಿಲಿಕೋನ್ ರಬ್ಬರ್ ಮತ್ತು ಅದನ್ನು ಗಟ್ಟಿ ಮಾಡುವ ದ್ರವ, ಎರಡು ಬಾಟಲಿಯಲ್ಲಿ ಬರುವ ಪಾಲಿಯುರಿಥೇನ್ ರೆಸಿನ್, ಮಕ್ಕಳು ಆಡುವ ಬಣ್ಣದ ಜೇಡಿ, ವ್ಯಾಸಲಿನ್, ಮುಖಕ್ಕೆ ಹಚ್ಚುವ ಪೌಡರು, ಬಿಸಾಡುವ ಲೋಟಗಳು, ಐಸ್‌ಕ್ರೀಂ ಕಡ್ಡಿ.

ಮೊದಲು ಒಂದು ಸಣ್ಣ ಡಬ್ಬಿಯಲ್ಲಿ ಜೇಡಿ ತುಂಬಿ, ಬೊಂಬೆಯನ್ನು ಅರ್ಧ ಹೂಳಿ, ಮೇಲೆ ರಬ್ಬರ್ ಕಲಸಿ ನಿಧಾನವಾಗಿ ದಾರದಂತೆ ಸುರಿಯಬೇಕು. ಒಂದು ರಾತ್ರಿ ಬಿಟ್ಟರೆ ಗಟ್ಟಿಯಾಗುತ್ತದೆ. ಮಾರನೆಯ ದಿನ ತಿರುಗಿಸಿ, ಜೇಡಿ ತೆಗೆದು, ರಬ್ಬರಿನ ಮೈಗೆ ವ್ಯಾಸಲಿನ್ ತೆಳುವಾಗಿ ಸವರಿ, ಇನ್ನರ್ಧ ಸುರಿಯಬೇಕು. ವ್ಯಾಸಲಿನ್ ಮರೆತರೆ ಎರಡರ್ಧ ಒಂದಾಗಿ ಬಿಡಿಸಲು ಬರುವುದಿಲ್ಲ. ಅಚ್ಚಿಗೆ ಎರಡು ದಾರಿ ಕೊರೆಯಬೇಕು, ರೆಸಿನ್ ಒಳಗೆ ಹೋಗಲು ಒಂದು, ಗಾಳಿ ಹೊರಗೆ ಬರಲು ಒಂದು. ಎಣ್ಣೆ ಡಬ್ಬಕ್ಕೆ ಎರಡು ತೂತು ಮಾಡುವುದಿಲ್ಲವೆ, ಅದೇ ಲೆಕ್ಕ. ಅಚ್ಚಿನೊಳಗೆ ಪೌಡರು ಉದುರಿಸಿ ಕೊಡವಿದರೆ ರೆಸಿನ್ ಮೂಲೆಮೂಲೆಗೂ ಹರಿಯುತ್ತದೆ, ಗುಳ್ಳೆ ಕಡಿಮೆ. ನಾನು ತಂದ ರೆಸಿನ್ನಿಗೆ ಎರಡು ಬಾಟಲಿಯದೂ ಸಮಪಾಲು. ಕಲಸಿದ ಮೇಲೆ ಮೂರು ನಿಮಿಷ ಮಾತ್ರ ಸಮಯ. ಅಷ್ಟರಲ್ಲಿ ಬಾಗಿಲು ತಟ್ಟಿದರೂ, ಫೋನು ಬಂದರೂ ಏಳಬಾರದು.

ಎಚ್ಚರಿಕೆ: ಅಡಿಗೆಯ ಯಾವ ಪಾತ್ರೆ, ಚಮಚವನ್ನೂ ಇದಕ್ಕೆ ಮುಟ್ಟಿಸಬಾರದು. ಅಡಿಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ಗಾಳಿಯಾಡುವ ಕಡೆ, ಗ್ಲೌಸು ಹಾಕಿಯೇ ಕಲಸಬೇಕು. ಗಟ್ಟಿಯಾದದ್ದನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆದ್ದರಿಂದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿಕೊಂಡೇ ಉಜ್ಜಬೇಕು, ಮಾಸ್ಕು ಇರಬೇಕು. ಉಬ್ಬಸ ಇರುವವರು ಹತ್ತಿರವೂ ಬರಬಾರದು.

ಇಷ್ಟೆಲ್ಲ ತಿಳಿದುಕೊಂಡು ಮೊದಲ ಎರಕ ಹೊಯ್ದೆ. ಮಳೆಗಾಲದ ದಿನ. ಲೋಟವನ್ನು ತೊಳೆದು ಅವಸರದಲ್ಲಿ ಹಾಗೇ ತಂದಿದ್ದೆ. ಎರಡೂ ಕಲಸಿ ಸುರಿಯುತ್ತಿದ್ದ ಹಾಗೇ ರೆಸಿನ್ ಉಬ್ಬತೊಡಗಿತು! ಹುಳಿ ಬಂದ ಇಡ್ಲಿ ಹಿಟ್ಟು ರಾತ್ರಿ ಪಾತ್ರೆ ಮೀರಿ ಹರಿಯುತ್ತಲ್ಲ, ಹಾಗೆ ಅಚ್ಚಿನ ಬಾಯಿಂದ ಹೊರಗೆ ಬಂತು. ತೆರೆದರೆ ಎಂಜಿನ್ ಬದಲು ಒಂದು ರಸ್ಕು. ಮೈಯೆಲ್ಲ ತೂತು.

ಯಜಮಾನರು ಪಾಳಿ ಮುಗಿಸಿ ಬಂದು ನೋಡಿ, ‘‘ನೀರಿನ ಪಸೆ ಇತ್ತಾ?’’ ಅಂದರು. ಈ ರೆಸಿನ್ನಿಗೆ ಒಂದು ತೊಟ್ಟು ನೀರು ತಾಗಿದರೂ ಒಳಗೆ ಅನಿಲ ಹುಟ್ಟಿ ನೊರೆಯಾಗುತ್ತದಂತೆ. ಬೋಂಡದ ಹಿಟ್ಟಿಗೆ ಸೋಡಾ ಹಾಕಿದ ಹಾಗೆ. ಎರಡನೆಯ ಸಲ ಲೋಟ ಒರೆಸಿ, ಬಿಸಿಲಿಗಿಟ್ಟು, ಒಣಗಿದ ದಿನ ನೋಡಿ ಹೊಯ್ದೆ. ಎಂಜಿನ್ ಚೆನ್ನಾಗಿ ಬಂತು. ಆದರೆ ಬಾಲದ ರೆಕ್ಕೆ ಸೊಟ್ಟಗಾಯಿತು. ಅವಸರದಲ್ಲಿ ಬೇಗ ಬಿಡಿಸಿದ್ದೆ. ದಪ್ಪ ತುಂಡು ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ, ತೆಳುವಾದದ್ದಕ್ಕೆ ಆ ಬಿಸಿ ಸಾಲದು, ಹೆಚ್ಚು ಹೊತ್ತು ಬೇಕು. ಅದನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಬಿಟ್ಟು, ಮೆತ್ತಗಾದ ಮೇಲೆ ಗಾಜಿನ ಚೂರಿಗೆ ಒತ್ತಿ, ತಣ್ಣೀರಿನಲ್ಲಿ ಅದ್ದಿದೆ. ನೆಟ್ಟಗಾಯಿತು. ಇಂಥ ಉಪಾಯ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿದ ಪ್ಲಾಸ್ಟಿಕ್ ಡಬ್ಬಿ ಮುಚ್ಚಳವನ್ನು ಹೀಗೆ ಸರಿ ಮಾಡದ ಗೃಹಿಣಿ ಯಾರಿದ್ದಾರೆ?

ಇಲ್ಲಿಯವರೆಗೆ ಸುಲಭ. ಇನ್ನು ಬಂತು ಕಷ್ಟದ್ದು. ಹೊಸ ಎಂಜಿನ್ ಕೂರಬೇಕಾದರೆ ಹಳೆಯದು ಹೋಗಬೇಕು. ಮಗ ಅದನ್ನು ಅಂಟಿಸಿದ್ದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟಿನಿಂದ. ಬಿಡಿಸಲು ಬರುವುದಿಲ್ಲ, ಗರಗಸದಲ್ಲಿ ಕೊಯ್ಯಬೇಕು. ರೆಸಿನ್ ಎಷ್ಟು ಸಲ ಬೇಕಾದರೂ ಹೊಯ್ಯಬಹುದು. ಇದಕ್ಕೆ ಅಚ್ಚಿಲ್ಲ. ಮಗ ಎರಡು ವಾರ ನಿದ್ದೆಗೆಟ್ಟು ಮಾಡಿದ್ದು ಇದೊಂದೇ.

ಅವನಿಗೆ ಫೋನು ಮಾಡಿದೆ. ‘‘ನಿನ್ನ ಹೆಲಿಕಾಪ್ಟರಿನ ಎಂಜಿನ್ ಕೊಯ್ಯಲೇನೋ?’’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘‘ಏನಾದ್ರೂ ಮಾಡ್ಕೋಮ್ಮ. ಹೇಗಿದ್ರೂ ಅದು ಚೀತಾ ಅಲ್ವಲ್ಲ’’ ಅಂದ. ನನ್ನ ಹೊಟ್ಟೆಯಲ್ಲಿ ಕೊಯ್ದ ಹಾಗಾಯಿತು.

ಮೂರು ದಿನ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಮಾವನವರೇ ಕೇಳಿದರು, ‘‘ಏನಮ್ಮ, ಕೆಲಸ ನಿಂತಿತಾ?’’ ಇದ್ದದ್ದು ಹೇಳಿದೆ. ಅವರು ಕುರ್ಚಿಯನ್ನು ಮಾಳಿಗೆಗೆ ಹಾಕಿಸಿಕೊಂಡು ಪಕ್ಕದಲ್ಲಿ ಕೂತರು. ‘‘ಗರಗಸಕ್ಕೆ ನೀನು ಭಾರ ಹಾಕಬೇಡ. ಅದರ ಪಾಡಿಗೆ ಅದು ಹೋಗುತ್ತೆ. ಸದ್ದು ಕೇಳಿ ನಾನು ಹೇಳ್ತೀನಿ’’ ಅಂದರು.

ಯಜಮಾನರ ಪೆಟ್ಟಿಗೆಯಿಂದ ತಂದ ಸಣ್ಣ ಹಲ್ಲಿನ ಗರಗಸ ಹಿಡಿದೆ. ಕಿರ್ ಕಿರ್ ಎಂದು ಪುಡಿ ಉದುರಿತು. ‘‘ನಿಲ್ಲಿಸು. ಓರೆ ಹೋಗ್ತಿದೆ’’ ಅಂದರು ಮಾವನವರು. ನೋಡಿದರೆ ನಿಜವೇ. ಸರಿಪಡಿಸಿಕೊಂಡೆ. ಮುಕ್ಕಾಲು ಭಾಗ ಕೊಯ್ದಾಗ ಟಿಕ್ ಎಂದು ಬೇರೊಂದು ಸದ್ದು. ನಾನು ಬಿಗಿಯಾಗಿ ಹಿಡಿದಿದ್ದ ಬಾಲದ ಎರಡು ಕೊಳವೆ ಮುರಿದಿದ್ದವು. ಕಣ್ಣಲ್ಲಿ ನೀರು ಬಂತು.

‘‘ಏನು ಮುರೀತು?’’

‘‘ಬಾಲದ ಕಡ್ಡಿ ಮಾವ. ಎರಡು.’’

‘‘ಮೇಲಿನದಾ, ಅಡ್ಡದ್ದಾ?’’

‘‘ಅಡ್ಡದ್ದು.’’

‘‘ಅಡ್ಡದ್ದಾದ್ರೆ ಭಯ ಇಲ್ಲ. ಕೊಯ್ಯೋದು ಮುಗಿಸು ಮೊದಲು. ಅರ್ಧಕ್ಕೆ ಬಿಟ್ಟ ಕೆಲಸವೇ ಕೆಟ್ಟ ಕೆಲಸ’’ ಅಂದರು. ಮುಗಿಸಿದೆ. ಹಳೆಯ ಎಂಜಿನ್ ಪಟ್ಟನೆ ಕಳಚಿ ತಟ್ಟೆಗೆ ಬಿತ್ತು. ಅದನ್ನು ಬಿಸಾಡಲು ಮನಸ್ಸಾಗದೆ ಕುಂಕುಮದ ಡಬ್ಬಿಯಲ್ಲಿಟ್ಟೆ. ಮುರಿದ ಕಡೆ ಮಿಕ್ಸಿಯ ತಾಮ್ರದ ತಂತಿಯನ್ನೇ ಕತ್ತರಿಸಿ ಕೂರಿಸಿದೆ.

ಜೋಡಿಸುವ ಮುಂಚೆ ರೆಸಿನ್ ತುಣುಕನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೆಯ ಟೂತ್‌ಬ್ರಷ್ ಹಾಕಿ ತೊಳೆಯಬೇಕು, ಅಚ್ಚಿನ ಜಿಡ್ಡು ಇದ್ದರೆ ಅಂಟು ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಕರಗಿಸುವ ಅಂಟು ರೆಸಿನ್ನಿಗೆ ನಡೆಯುವುದಿಲ್ಲ, ಅದಕ್ಕೆ ಫೆವಿಕ್ವಿಕ್ಕೇ ಸರಿ. ಆದರೆ ಅದರ ಆವಿ ಗಾಜಿನಂಥ ಮೂತಿಗೆ ತಾಗಿದರೆ ಮಂಜು ಕಟ್ಟಿದ ಹಾಗೆ ಬೆಳ್ಳಗಾಗುತ್ತದೆ. ಮೂತಿಯ ಮೇಲೆ ಒದ್ದೆ ಬಟ್ಟೆ ಸುತ್ತಿ, ಬೀಸಣಿಗೆ ಹಾಕಿಕೊಂಡು ಅಂಟಿಸಿದೆ. ಮಾವನವರಿಗೆ ಮೂತಿ ಮಂಜಾದರೂ ಕಾಣದು. ಆದರೆ ನನಗೆ ಕಾಣುತ್ತದಲ್ಲ. ಎಂಜಿನ್ನು, ಗೇರ್‌ಬಾಕ್ಸು, ಮೇಲಿನ ಮೂರು ರೆಕ್ಕೆಯ ತಲೆ, ಬಾಲದ ಮೂರೆಲೆ ಎಲ್ಲ ಕೂತವು. ಸಂದುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಸಂಜೆ ಮಾವನವರ ಕೈಗೆ ಕೊಟ್ಟೆ.

ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಹೆದರಿರಲಿಲ್ಲ. ಅವರ ತೋರುಬೆರಳು ಮೂತಿಯಿಂದ ಹೊರಟಿತು. ಬೆನ್ನಿಗೆ ಬಂತು. ಗಾಳಿ ಹೋಗುವ ಬಾಯಿ, ಉರಿಯುವ ಡಬ್ಬಿ, ಹೊಗೆ ಕೊಳವೆ, ಒಂದೊಂದರ ಮೇಲೂ ನಿಂತು ಮುಂದೆ ಹೋಯಿತು. ಬಾಲದ ತುದಿಗೆ ಹೋಗಿ ಒಂದು, ಎರಡು, ಮೂರು ಎಂದು ಎಲೆ ಎಣಿಸಿತು. ಮತ್ತೆ ಹಿಂದಕ್ಕೆ ಬಂದು ಹೊಗೆ ಕೊಳವೆಯ ಹತ್ತಿರ ನಿಂತಿತು.

‘‘ಇದು ಒಂದು ಕೂದಲೆಳೆ ಕೆಳಗೆ ಬಾಗಿದೆ.’’

‘‘ಸರಿ ಮಾಡಲೇ ಮಾವ?’’

‘‘ಬೇಡ. ನಮ್ಮ ಶೆಡ್ಡಿನಲ್ಲಿ ಆಗಿದ್ರೆ ವಾಪಸ್ ಕಳಿಸ್ತಿದ್ದೆ. ಇಲ್ಲಿ ಪಾಸು’’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘‘ಇದು ಚೀತಾನೇ ಕಣಮ್ಮ’’ ಅಂದರು. 

ದಸರಾ ರಜೆಗೆ ಮಗ ಬಂದ. ಅವನು ಚಪ್ಪಲಿ ಬಿಡುವ ಮುಂಚೆಯೇ ಮಾವನವರು ಕರೆದು ಎದುರಿಗೆ ಕೂರಿಸಿಕೊಂಡರು. ‘‘ಕಣ್ಣು ಮುಚ್ಚು. ಕೈ ಕೊಡು’’ ಎಂದು ಅವನ ಬೆರಳು ಹಿಡಿದು ಎಂಜಿನ್ ಮೇಲೆ ನಡೆಸಿದರು. ‘‘ಇದು ನಿಮ್ಮಮ್ಮ ಮಾಡಿದ್ದು. ಮೈ ನೀನು ಮಾಡಿದ್ದು. ನಿನ್ನ ಮೈ ಗಟ್ಟಿ ಇದ್ದಿದ್ದಕ್ಕೆ ಅದು ತಾಳಿಕೊಳ್ತು.’’ ಅವನು ಕಣ್ಣು ಬಿಡದೆ ಬಹಳ ಹೊತ್ತು ಸವರಿದ. ಆಮೇಲೆ ಇಬ್ಬರೂ ಬಣ್ಣದ ಬಗ್ಗೆ ಜಗಳಕ್ಕೆ ಬಿದ್ದರು. ಸೈನ್ಯದ ಹಸಿರು ಪೂರ್ತಿ ಬಳಿಯಬೇಕು ಎಂದು ಇವನು. ಬಣ್ಣ ಬಳಿದರೆ ಬೆರಳಿಗೆ ಗೆರೆ ಸಿಗುವುದಿಲ್ಲ, ಬೇಡ ಎಂದು ಅವರು. ಅಡಿಗೆಮನೆಯಲ್ಲಿ ನಿಂತು ಕೇಳಿದೆ. ಎಷ್ಟು ತಿಂಗಳಾಗಿತ್ತು ಅವರ ಜಗಳ ಕೇಳಿ! ಕೊನೆಗೆ ಮೈಗೆ ಬಣ್ಣ, ಎಂಜಿನ್ನಿಗೆ ಬೇಡ ಎಂದು ರಾಜಿಯಾಯಿತು.

ಆಯುಧಪೂಜೆಯ ದಿನ ಯಜಮಾನರ ಸ್ಕೂಟರು, ಸ್ಪ್ಯಾನರುಗಳು, ಮಾವನವರು ನಿವೃತ್ತಿಯಾದಾಗ ತಂದ ಹಳೆಯ ಅಳತೆ ಸಲಕರಣೆ, ಮಗನ ಪುಸ್ತಕ, ಎಲ್ಲವನ್ನೂ ಜೋಡಿಸಿ ಅರಿಶಿನ ಕುಂಕುಮ ಇಟ್ಟೆ. ನಡುವೆ ಅರ್ಧ ಹಸಿರು, ಅರ್ಧ ಬಿಳಿ ಚೀತಾ. ಮಂಗಳಾರತಿಗೆ ತಟ್ಟೆ ಎತ್ತಿಕೊಂಡಾಗ ಮಾವನವರು ತಡೆದರು.

‘‘ಇರಮ್ಮ. ನಿನ್ನ ಗರಗಸ ಇಟ್ಟೆಯಾ?’’

ಮರೆತಿದ್ದೆ. ಮಾಳಿಗೆಗೆ ಓಡಿಹೋಗಿ ತಂದು, ಒರೆಸಿ, ಅವರ ಸ್ಪ್ಯಾನರಿನ ಪಕ್ಕದಲ್ಲಿ ಇಟ್ಟೆ.